ಮಣಲಿಯ ತಗ್ಗು ನೆಲಕ್ಕೆ ಸೊಂಟದೆತ್ತರದ ಹಳಿ

ಚೆನ್ನೈನ ಉತ್ತರದ ಅಂಚಿನ ಮಣಲಿ ಎಂದರೆ ಹೊರಗಿನವರಿಗೆ ನೆನಪಾಗುವುದು ತೈಲ ಶುದ್ಧೀಕರಣ ಘಟಕ, ಗೊಬ್ಬರದ ಕಾರ್ಖಾನೆ, ಟ್ಯಾಂಕರ್ ಲಾರಿಗಳ ಸಾಲು. ಇಂಥ ಊರಿನ ಹಿತ್ತಲಲ್ಲಿ, ನಿಜವಾದ ಬೆಂಕಿ ನಿಜವಾದ ನೀರಿನಿಂದ ಓಡುವ ಪುಟ್ಟ ಉಗಿಬಂಡಿಗೆ ಹಳಿ ಹಾಕುತ್ತೇನೆ ಎಂದರೆ ಅಕ್ಕಪಕ್ಕದವರು ನಕ್ಕಾರು. ನಗಲಿ. ಭಾರತದ ರೈಲಿನ ಚರಿತ್ರೆಯಲ್ಲಿ ಈ ಸುತ್ತಿನ ನೆಲಕ್ಕಿರುವಷ್ಟು ಹಳೆಯ ಹಕ್ಕು ಮುಂಬೈಗೂ ಇಲ್ಲ.

ಮಣಲಿಯಿಂದ ಪಶ್ಚಿಮಕ್ಕೆ ಮಾಧವರಂ ದಾಟಿ ಹೋದರೆ ರೆಡ್ ಹಿಲ್ಸ್. ಅಲ್ಲಿನ ಕಲ್ಲನ್ನು ಮದರಾಸಿನ ರಸ್ತೆಗಳಿಗೆ ಸಾಗಿಸಲು ಆರ್ಥರ್ ಕಾಟನ್ ಹಳಿ ಹಾಕಿಸಿದ. 1837ರಲ್ಲೇ ಅದು ಓಡಿತು. ಮುಂಬೈನ ಬೋರಿಬಂದರಿನಿಂದ ಠಾಣೆಗೆ ಪ್ರಯಾಣಿಕರ ರೈಲು ಹೊರಟದ್ದು 1853ರಲ್ಲಿ. ಅಂದರೆ ಹದಿನಾರು ವರ್ಷ ತಡವಾಗಿ. ಈ ಕಲ್ಲು ರೈಲಿಗೆ ವಿಲಿಯಂ ಏವರಿ ತಯಾರಿಸಿದ ಸುತ್ತುಯಂತ್ರದ ಉಗಿ ಎಂಜಿನ್ನೂ ಇತ್ತು. ಮುಂದೆ ಗೋದಾವರಿ ಅಣೆಕಟ್ಟಿನಿಂದ ಮನೆಮಾತಾದ ಕಾಟನ್ ಇವನೇ. ನನಗೆ ಈ ಕಲ್ಲು ರೈಲಿಗಿಂತಲೂ ಹಿಡಿಸುವುದು ಅದರ ಹಿಂದಿನ ವರ್ಷದ ಸಂಗತಿ. 1836ರಲ್ಲಿ ಚಿಂತಾದ್ರಿಪೇಟೆಯ ಸೇತುವೆಯ ಹತ್ತಿರ ಒಂದು ತುಂಡು ಹಳಿ ಹಾಸಿ, ಕಲ್ಲು ತುಂಬಿದ ಬಂಡಿಯನ್ನು ಎಷ್ಟು ಕಡಿಮೆ ಶ್ರಮದಲ್ಲಿ ತಳ್ಳಬಹುದೆಂದು ಜನರಿಗೆ ತೋರಿಸಲಾಗಿತ್ತು. ಊರಿಗೆ ರೈಲು ಬರುವ ಮುನ್ನ ಬಂದದ್ದು ಒಂದು ಮಾದರಿ ಹಳಿ. ಮಾದರಿ ರೈಲಿನ ಹವ್ಯಾಸಿಗಳು ಇದನ್ನು ತಮ್ಮ ವಂಶವೃಕ್ಷದ ಬೇರು ಎಂದು ಹೇಳಿಕೊಂಡರೆ ಯಾರೂ ತಕರಾರು ತೆಗೆಯಲಾರರು. 1856ರಲ್ಲಿ ಹತ್ತಿರದ ರಾಯಪುರಂನಿಂದ ವಾಲಾಜಾ ರೋಡಿಗೆ ಪ್ರಯಾಣಿಕರ ರೈಲು ಶುರುವಾಯಿತು. ಅದೇ ಮದ್ರಾಸ್ ರೈಲ್ವೆ ಜೋಲಾರ್‌ಪೇಟೆಯ ಮೂಲಕ 1864ರಲ್ಲಿ ಬೆಂಗಳೂರು ದಂಡನ್ನು ಮುಟ್ಟಿತು.

ಇಷ್ಟು ಹಕ್ಕಿದ್ದೂ ಇಲ್ಲಿ ಹಿತ್ತಲ ಉಗಿಬಂಡಿ ಕಾಣಸಿಗುವುದಿಲ್ಲ. ಈ ಹವ್ಯಾಸ ಬೆಳೆದದ್ದು ಇಂಗ್ಲೆಂಡಿನಲ್ಲಿ. 1898ರಲ್ಲಿ ಪರ್ಸಿವಲ್ ಮಾರ್ಷಲ್ ಆರಂಭಿಸಿದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಅದನ್ನು ಸಾಕಿತು. 1920ರ ದಶಕದಲ್ಲಿ ಎಲ್.ಬಿ.ಎಸ್.ಸಿ. ಎಂಬ ಸಹಿಯಲ್ಲಿ ಬರೆಯುತ್ತಿದ್ದ ಲಾರೆನ್ಸ್, ಎರಡೂವರೆ ಅಂಗುಲದ ಗೇಜಿನ ‘ಆಯೆಷಾ’ ಎಂಬ ತನ್ನ ಎಂಜಿನ್‌ನಿಂದ ವಯಸ್ಕ ಮನುಷ್ಯನನ್ನೇ ಎಳೆಸಿ ತೋರಿಸಿದ. ಅಷ್ಟು ಸಣ್ಣ ಬಾಯ್ಲರಿನಲ್ಲಿ ಕಲ್ಲಿದ್ದಲು ಉರಿಸಿ ಕೆಲಸ ತೆಗೆಯಲಾಗದು ಎಂದು ವಾದಿಸುತ್ತಿದ್ದವರ ಬಾಯಿ ಮುಚ್ಚಿತು. ಆ ಜಗಳಕ್ಕೆ ‘ಬಾಯ್ಲರುಗಳ ಯುದ್ಧ’ ಎಂದೇ ಹೆಸರಾಯಿತು. ಮನುಷ್ಯ ಕೂತು ಹೋಗುವ ಹಳಿಯನ್ನು ನೆಲದಿಂದ ಎತ್ತರಿಸುವ ರೂಢಿಯೂ ಇಂಥ ಸಣ್ಣ ಗೇಜುಗಳ ಕೂಸು. ಎರಡೂವರೆ, ಮೂರೂವರೆ, ಐದು ಅಂಗುಲದ ಹಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಬಂಡಿ ಮಗುಚುತ್ತದೆ; ಹಳಿ ಎತ್ತರದಲ್ಲಿದ್ದರೆ ಕಾಲುಗಳನ್ನು ಎರಡೂ ಕಡೆ ಇಳಿಬಿಟ್ಟು ಭಾರವನ್ನು ಕೆಳಗೆ ತರಬಹುದು.

ಮಣಲಿಯ ಮನೆಯಂಗಳಕ್ಕೆ ಅಂಥ ಸವಾರಿ ರೈಲು ಹಿಡಿಸುವುದಿಲ್ಲ. ಹೊಂದುವುದು 45 ಮಿಲಿಮೀಟರಿನ ಗೇಜು. ಇಲ್ಲಿ ಯಾರೂ ಕೂರುವುದಿಲ್ಲ. ಎಂಜಿನ್ ತನ್ನ ನಾಲ್ಕೈದು ಡಬ್ಬಿಗಳನ್ನು ತಾನೇ ಎಳೆದುಕೊಂಡು ಸುತ್ತುತ್ತದೆ. ಲೆಕ್ಕ ಹಾಕಿ ನೋಡಿ: ನಮ್ಮ ಮೀಟರ್ ಗೇಜಿನ 1000 ಮಿಲಿಮೀಟರನ್ನು 45ರಿಂದ ಭಾಗಿಸಿದರೆ 22 ಚಿಲ್ಲರೆ. ಅಂದರೆ ಇಪ್ಪತ್ತೆರಡೂವರೆಗೆ ಒಂದು ಅಳತೆಯಲ್ಲಿ ಮಾಡಿದ ಮೀಟರ್ ಗೇಜ್ ಎಂಜಿನ್ ಈ ಹಳಿಯ ಮೇಲೆ ಸರಿಯಾಗಿ ಕೂರುತ್ತದೆ. ಎಗ್ಮೋರಿನಿಂದ ಹೊರಡುತ್ತಿದ್ದ ಹಳೆಯ ರೈಲುಗಳು, ಮೈಸೂರು ಸಂಸ್ಥಾನ ಹಾಕಿಸಿದ ಬೆಂಗಳೂರು–ಮೈಸೂರು ಮಾರ್ಗ, ಎಲ್ಲವೂ ಮೀಟರ್ ಗೇಜೇ ಆಗಿದ್ದವು. ಬಾಲ್ಯದಲ್ಲಿ ಅರಸೀಕೆರೆಯ ಪ್ಲಾಟ್‌ಫಾರಂನಲ್ಲಿ ವೈಪಿ ಎಂಬ ಉಗಿ ಎಂಜಿನ್ನಿನ ಮಸಿ ಕಣ್ಣಿಗೆ ಬಿದ್ದವರಿಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ.

ಸವಾರಿ ಇಲ್ಲವೆಂದ ಮೇಲೆ ಎತ್ತರ ಏಕೆ? ಉಗಿ ಎಂಜಿನ್ ಬಯಸುವ ಚಾಕರಿಯಿಂದಾಗಿ. ಅನಿಲ ತುಂಬಬೇಕು, ಎಣ್ಣೆ ಹಾಕಬೇಕು, ಬರ್ನರ್ ಹೊತ್ತಿಸಬೇಕು, ಒತ್ತಡದ ಮುಳ್ಳು ಏರುವುದನ್ನು ನೋಡುತ್ತ ನಿಲ್ಲಬೇಕು. ನೆಲದ ಮಟ್ಟದಲ್ಲಾದರೆ ಈ ಎಲ್ಲಕ್ಕೂ ಮಂಡಿಯೂರಬೇಕು. ಈ ಹವ್ಯಾಸಕ್ಕೆ ಪುರುಸೊತ್ತು ಸಿಗುವುದು ನಿವೃತ್ತಿಯ ಮೇಲೆ, ಮಂಡಿ ಕೈಕೊಡುವುದೂ ಆಗಲೇ. ಮಣಲಿಗೆ ಇನ್ನೊಂದು ಕಾರಣವಿದೆ: ನೀರು. ಕೊಸಸ್ತಲೈಯಾರ್ ನದಿ, ಬಕಿಂಗ್‌ಹ್ಯಾಂ ಕಾಲುವೆ, ಎಣ್ಣೂರಿನ ಹಿನ್ನೀರು, ಎಲ್ಲವೂ ಕೂಗಳತೆಯ ತಗ್ಗು ನೆಲ ಇದು. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಮಣಲಿ ಹೊಸನಗರದ ಬೀದಿಗಳು ಮುಳುಗಿದವು. ಈ ಸುತ್ತಿನಲ್ಲಿ ನೆರೆನೀರಿನ ಮೇಲೆ ತೈಲವೂ ತೇಲಿತು. ನೆಲಕ್ಕೆ ಹಾಸಿದ ಹಳಿ ಅಂಥ ಒಂದು ವಾರದಲ್ಲಿ ಕೆಸರು ಪಾಲಾಗುತ್ತದೆ.

ಈಗ ನೆಲದೊಳಗಿನ ಮಾತು. ಕಂಬ ನಿಲ್ಲಿಸುವುದು ಸುಲಭವೆಂದು ಕಾಣುತ್ತದೆ. ಆದರೆ ಜೇಡಿಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಮೇ ತಿಂಗಳಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಉಬ್ಬುವ ಮಣ್ಣು ಕಂಬದ ಮೈಯನ್ನು ಕಚ್ಚಿಕೊಂಡು ಮೇಲೆತ್ತುತ್ತದೆ. ಅದೂ ಎಲ್ಲ ಕಂಬಗಳನ್ನು ಒಂದೇ ಸಮ ಅಲ್ಲ. ನೆರಳಿನ ಕಂಬ ಕಡಿಮೆ, ಕೊಳಾಯಿ ಬದಿಯ ಕಂಬ ಹೆಚ್ಚು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಕಪ್ಪು ಎರೆನೆಲದ ಕಟ್ಟಡಗಳಿಗಾಗಿ ಬುಡದಲ್ಲಿ ಗಡ್ಡೆಯಂತೆ ಹಿಗ್ಗಿಸಿದ ಕಾಂಕ್ರೀಟ್ ಪೈಲುಗಳನ್ನು ಬಳಕೆಗೆ ತಂದಿತು. ಗಡ್ಡೆಯ ಮೇಲಿನ ಮಣ್ಣಿನ ಭಾರವೇ ಕಂಬವನ್ನು ಕೆಳಗೆ ಹಿಡಿದಿಡುತ್ತದೆ. ನಮ್ಮದು ಆಟಿಕೆಯ ಭಾರ, ಆದರೂ ಸೂತ್ರ ಅದೇ: ಎರಡಡಿ ಗುಂಡಿ, ಅದರ ತಳವನ್ನು ಹಾರೆಯಿಂದ ಕೆರೆದು ಅಗಲಿಸುವುದು, ನಾಲ್ಕಂಗುಲದ ಪಿವಿಸಿ ಕೊಳವೆಯನ್ನು ಅಚ್ಚಾಗಿ ನಿಲ್ಲಿಸಿ ಒಳಗೆ ಕಂಬಿ, ಕಾಂಕ್ರೀಟು. ಪಿವಿಸಿಯ ನುಣುಪು ಮೈಗೆ ಉಬ್ಬುವ ಮಣ್ಣು ಅಷ್ಟಾಗಿ ಹಿಡಿತ ಸಿಕ್ಕಿಸಿಕೊಳ್ಳುವುದಿಲ್ಲ ಎಂಬುದು ಇನ್ನೊಂದು ಲಾಭ. ಕಂಬದಿಂದ ಕಂಬಕ್ಕೆ ನಾಲ್ಕಡಿ ಸಾಕು.

ಇಷ್ಟಾದರೂ ಕಂಬ ಅಲುಗದು ಎಂದು ನಂಬಬಾರದು. ಪ್ರತಿ ಕಂಬದ ತಲೆಯಲ್ಲಿ ತಿರುಪಿರುವ ಉದ್ದನೆಯ ಬೋಲ್ಟನ್ನು ಕಾಂಕ್ರೀಟಿನಲ್ಲೇ ಹೂತು, ಎರಡು ನಟ್ಟುಗಳ ನಡುವೆ ಹಳಿಯ ತೊಲೆಯನ್ನು ಹಿಡಿಸಬೇಕು. ಕಂಬ ಏರಿದರೆ ನಟ್ಟು ಇಳಿಸಿ, ಕುಸಿದರೆ ಏರಿಸಿ. ನನ್ನ ಅಭಿಪ್ರಾಯದಲ್ಲಿ ಇಡೀ ಕಟ್ಟೋಣದಲ್ಲಿ ಕಾಸು ಉಳಿಸಬಾರದ ಜಾಗ ಇದೊಂದೇ. ಚೆನ್ನೈನ ಪ್ಯಾರಿಸ್ ಕಾರ್ನರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟು ಕೇಳಿ ತನ್ನಿ. ಸಾದಾ ಕಬ್ಬಿಣದ್ದು ಎಣ್ಣೂರಿನ ಉಪ್ಪು ಗಾಳಿಗೆ ತುಕ್ಕು ಹಿಡಿದು ಕಚ್ಚಿಕೊಂಡರೆ ಹೊಂದಾಣಿಕೆಯ ಮಾತು ಅಲ್ಲಿಗೇ ಮುಗಿಯಿತು.

ತೊಲೆಗೆ ಮರ ಬೇಡ. ಇಂಗ್ಲೆಂಡಿನ ಕೈಪಿಡಿಗಳು ಹೆಚ್ಚಾಗಿ ಮರವನ್ನೇ ಹೇಳುತ್ತವೆ: ಎರಡು ತೆಳು ಪಟ್ಟಿಗಳ ನಡುವೆ ತುಂಡುಗಳನ್ನಿಟ್ಟು ಏಣಿಯ ಹಾಗೆ ಜೋಡಿಸಿದರೆ ತಿರುವು ತಾನಾಗಿ ಹದವಾಗಿ ಬಾಗುತ್ತದೆ. ಉಪಾಯ ಚೆನ್ನಾಗಿದೆ, ಆದರೆ ಇಲ್ಲಿ ಅದು ಗೆದ್ದಲಿಗೆ ಎಡೆಯಿಟ್ಟಂತೆ. ಈ ಕರಾವಳಿಯುದ್ದಕ್ಕೂ ಬೆಳೆಯುವ ಗಾಳಿಮರದ ಗಳುಗಳು ಅಗ್ಗವಾಗಿ ಸಿಗುತ್ತವೆ, ಸಾರವೆಗೆ ಅವುಗಳೇ ಸೈ, ಹಸಿ ನೆಲದಲ್ಲಿ ಮಾತ್ರ ಬಾಳಿಕೆ ಬರುವುದಿಲ್ಲ. ಏಣಿಯ ಉಪಾಯವನ್ನೇ ಇಟ್ಟುಕೊಂಡು ಮರದ ಬದಲು ಮರುಬಳಕೆ ಪ್ಲಾಸ್ಟಿಕ್ಕಿನ ಪಟ್ಟಿ ಹಾಕಿದರೆ ಆಯಿತು.

ಮಟ್ಟದ ವಿಷಯಕ್ಕೆ ಬರೋಣ. ಇದರ ಮುಂದೆ ಉಳಿದದ್ದೆಲ್ಲ ಬಡಗಿ ಕೆಲಸ. ವಿದ್ಯುತ್ತಿನ ಆಟಿಕೆ ರೈಲು ಏರಿನಲ್ಲಿ ತುಸು ನಿಧಾನ, ಇಳಿಜಾರಿನಲ್ಲಿ ತುಸು ಜೋರು, ಅಷ್ಟೆ. ಉಗಿ ಎಂಜಿನ್ ಹಾಗಲ್ಲ. ರೇಡಿಯೊ ನಿಯಂತ್ರಣವಿಲ್ಲದ ಸಣ್ಣ ಎಂಜಿನ್ನಿನಲ್ಲಿ ರೆಗ್ಯುಲೇಟರನ್ನು ಒಂದು ಕಡೆ ತಿರುಗಿಸಿ ಬಿಟ್ಟುಬಿಡುತ್ತೇವೆ. ಆಮೇಲೆ ಅದರ ವೇಗ ತೀರ್ಮಾನವಾಗುವುದು ಎಳೆಯುವ ಭಾರದಿಂದ. ಸಮತಟ್ಟಿನಲ್ಲಿ ಇಂಥ ಬಂಡಿಯನ್ನು ಎಳೆಯಲು ಬೇಕಾದ ಬಲ ಅದರ ತೂಕದ ನೂರರಲ್ಲಿ ಸುಮಾರು ಒಂದೆರಡು ಪಾಲು. ಮೀಟರಿಗೆ ಒಂದು ಸೆಂಟಿಮೀಟರ್ ಏರು ಕೊಟ್ಟರೆ ಇನ್ನೊಂದು ಪಾಲು ಸೇರುತ್ತದೆ. ಕಣ್ಣಿಗೆ ಕಾಣದ ಈ ಏರು ಎಳೆತವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಬಹುದು. ಅದೇ ಜಾಗ ಇಳಿಜಾರಾದಾಗ ಎಳೆತವೇ ಇಲ್ಲವಾಗಿ ಎಂಜಿನ್ ಹುಚ್ಚೆದ್ದು ಓಡುತ್ತದೆ, ಮುಂದಿನ ತಿರುವಿನಲ್ಲಿ ಹಾರುತ್ತದೆ. ಸೊಂಟದೆತ್ತರದಿಂದ, ಕುದಿನೀರು ಹೊತ್ತು.

ಇದಕ್ಕೆ ಲೇಸರ್ ಉಪಕರಣ ಕೊಳ್ಳುವವರಿದ್ದಾರೆ. ನಮ್ಮ ಮೇಸ್ತ್ರಿಗಳ ಕೈಯಲ್ಲಿರುವ ಪಾರದರ್ಶಕ ನೀರಿನ ಟ್ಯೂಬು ಇದಕ್ಕೆ ಧಾರಾಳ ಸಾಕು. ಒಂದು ತುದಿಯನ್ನು ಮೊದಲ ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಕಂಬದಿಂದ ಕಂಬಕ್ಕೆ ಒಯ್ಯುತ್ತ ನೀರು ನಿಂತಲ್ಲಿ ಗೀಟು ಹಾಕುವುದು. ಎರಡು ಎಚ್ಚರಿಕೆ ಬೇಕು. ಟ್ಯೂಬಿನಲ್ಲಿ ಗುಳ್ಳೆ ಉಳಿದರೆ ಅಳತೆ ಸುಳ್ಳು. ಬೆರಳಿನಿಂದ ತಟ್ಟುತ್ತ ತುದಿಯವರೆಗೆ ಓಡಿಸಬೇಕು. ಅರ್ಧ ಟ್ಯೂಬು ಬಿಸಿಲಲ್ಲಿ, ಅರ್ಧ ನೆರಳಲ್ಲಿ ಇರಬಾರದು. ಬಿಸಿ ನೀರು ಹಗುರ, ಅದು ತುಸು ಎತ್ತರಕ್ಕೆ ನಿಲ್ಲುತ್ತದೆ. ಬೆಳಗಿನ ಜಾವ ಒಳ್ಳೆಯದು. ಗೀಟು ಹಾಕುವ ಮುನ್ನ ನೀರು ತೂಗಾಡುವುದು ನಿಲ್ಲುವವರೆಗೆ ಕಾಯುವ ಮೇಸ್ತ್ರಿ ಸಿಕ್ಕರೆ ಅವನನ್ನು ಬಿಡಬೇಡಿ.

ತಿರುವು ಎಷ್ಟು ಅಗಲವಿದ್ದರೆ ಅಷ್ಟು ಲೇಸು. ನಾಲ್ಕು ಚಕ್ರದ ಪುಟ್ಟ ಎಂಜಿನ್ 60 ಸೆಂಟಿಮೀಟರ್ ತ್ರಿಜ್ಯದಲ್ಲೂ ತಿರುಗೀತು. ಉದ್ದನೆಯ ಮುಖ್ಯಮಾರ್ಗದ ಮಾದರಿಗಳಿಗೆ 3 ಮೀಟರ್ ಬೇಕು. ಮೂರು ಮೀಟರ್ ತ್ರಿಜ್ಯವೆಂದರೆ ಆರು ಮೀಟರಿಗೂ ಮಿಕ್ಕ ಅಗಲ. ಮಣಲಿಯ ಎಷ್ಟೋ ನಿವೇಶನಗಳು ಅಲ್ಲಿಗೇ ಮುಗಿದುಹೋಗುತ್ತವೆ. ಅಂಥವರು ತಾರಸಿ ನೋಡಿಕೊಳ್ಳಬಹುದು, ಉಬ್ಬುವ ಮಣ್ಣಿನ ಕಾಟವೂ ತಪ್ಪುತ್ತದೆ. ಬಿಸಿಲು ಮಾತ್ರ ಇನ್ನೂ ಖಾರ. ಎಲ್ಲಿ ಹಾಕಿದರೂ ಸುತ್ತುಹಳಿಯ ಒಳಗೆ ನುಸುಳಲು ಒಂದು ಕಡೆ ತೆಗೆದಿಡುವ ತುಂಡು ಬೇಕಾಗುತ್ತದೆ. ಅದನ್ನು ತೆಗೆದಿಟ್ಟು ಮರೆತರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ತುಂಡು ತೆಗೆದಾಗ ಎರಡೂ ಕಡೆ ಹಳಿಗೆ ಅಡ್ಡವಾಗಿ ತಾನೇ ಬೀಳುವ ತಡೆಗೂಟವನ್ನು ಮೊದಲ ದಿನವೇ ಹಾಕಿಸಿ. ಎಂಜಿನ್ ಹೊತ್ತಿಸಿ ಉಗಿ ಏರಿಸಲು ಪಕ್ಕಕ್ಕೊಂದು ಕವಲು ಹಳಿಯೂ ಇರಲಿ.

ಹಳಿಗೆ ಹಿತ್ತಾಳೆಯೋ ಅಲ್ಯುಮಿನಿಯಮ್ಮೋ? ವಿದ್ಯುತ್ ರೈಲಾಗಿದ್ದರೆ ಕಡಲಗಾಳಿಗೆ ಕಪ್ಪಾದ ಹಳಿಯನ್ನು ದಿನವೂ ಉಜ್ಜಬೇಕಿತ್ತು. ಉಗಿಬಂಡಿಗೆ ಹಳಿಯಲ್ಲಿ ಕರೆಂಟು ಬೇಡ, ಹಳಿ ಕಪ್ಪಾದರೆ ಆಗಲಿ. ಆದ್ದರಿಂದ ಅಗ್ಗದ ಅಲ್ಯುಮಿನಿಯಮ್ ನಡೆಯುತ್ತದೆ. ಅದಕ್ಕೆ ಹಿತ್ತಾಳೆಯ ಸ್ಕ್ರೂ ಮಾತ್ರ ಹಾಕಬೇಡಿ. ಉಪ್ಪಿನ ತೇವದಲ್ಲಿ ಎರಡು ಲೋಹ ಸೇರಿದರೆ ಅಲ್ಯುಮಿನಿಯಮ್ ಕರಗುತ್ತದೆ.

ಹಿಗ್ಗುವಿಕೆಯ ಲೆಕ್ಕ ಇಲ್ಲಿ ದೊಡ್ಡದು. ಜನವರಿಯ ಬೆಳಗ್ಗೆ 20 ಡಿಗ್ರಿ ಇರುವ ಹಳಿ ಮೇ ಮಧ್ಯಾಹ್ನ ಬಿಸಿಲಲ್ಲಿ 60 ಮುಟ್ಟಬಹುದು. 40 ಡಿಗ್ರಿಯ ಈ ವ್ಯತ್ಯಾಸಕ್ಕೆ 10 ಮೀಟರ್ ಹಿತ್ತಾಳೆ ಸುಮಾರು ಏಳೂವರೆ ಮಿಲಿಮೀಟರ್ ಬೆಳೆಯುತ್ತದೆ, ಅಲ್ಯುಮಿನಿಯಮ್ ಒಂಬತ್ತು. ಬಿಗಿಯಾಗಿ ಮೊಳೆ ಹೊಡೆದರೆ ಹಳಿ ಹಾವಿನಂತೆ ಡೊಂಕಾಗುತ್ತದೆ. ದುಂಡನೆಯ ಸುತ್ತಿಗೆ ಒಂದು ಸೌಲಭ್ಯವಿದೆ: ಬಿಗಿಯದೆ ಬಿಟ್ಟರೆ 3 ಮೀಟರ್ ತ್ರಿಜ್ಯದ ಹಿತ್ತಾಳೆ ಹಳಿ ಇಡಿಯಾಗಿ ಹೊರಕ್ಕೆ ಎರಡು ಮಿಲಿಮೀಟರ್ ಸರಿದು, ಸಂಜೆ ತಣಿದಾಗ ವಾಪಸು ಬರುತ್ತದೆ. ಅದಕ್ಕೇ ಸ್ಲೀಪರುಗಳ ರಂಧ್ರ ದುಂಡಾಗಿರದೆ ಉದ್ದುದ್ದ ಇರಬೇಕು, ಒಂದೇ ಒಂದು ಕಡೆ ಹಳಿಯನ್ನು ಭದ್ರವಾಗಿ ಕಟ್ಟಿ ಉಳಿದೆಡೆ ಸಡಿಲ ಬಿಡಬೇಕು. ನೇರ ಭಾಗದ ಕೀಲುಗಳಲ್ಲಿ, ಚಳಿಯ ಬೆಳಗ್ಗೆ ಜೋಡಿಸುತ್ತಿದ್ದರೆ ಸಂದು ಬಿಡಿ. ನಡು ಮಧ್ಯಾಹ್ನವಾದರೆ ಸಂದಿಲ್ಲದೆ ಮುಟ್ಟಿಸಿ.

ಹವೆಯ ವಿಷಯದಲ್ಲಿ ಇಂಗ್ಲೆಂಡಿನ ಕೈಪಿಡಿಗಳ ಮಾತು ಇಲ್ಲಿ ತಲೆಕೆಳಗಾಗುವುದು ನನಗೆ ಬಲು ಮೋಜಿನ ಸಂಗತಿ. ಸಣ್ಣ ಎಂಜಿನ್ನುಗಳು ಹೆಚ್ಚಾಗಿ ಬ್ಯೂಟೇನ್ ಅನಿಲದಿಂದ ಉರಿಯುತ್ತವೆ. ಬ್ಯೂಟೇನ್ ಕುದಿಯುವುದೇ ಶೂನ್ಯದ ಆಸುಪಾಸಿನಲ್ಲಿ. ಅಲ್ಲಿನ ಚಳಿಗೆ ಅನಿಲದ ಒತ್ತಡ ಬಿದ್ದುಹೋಗುತ್ತದೆ. ಅನಿಲದ ಡಬ್ಬಿಯ ಸುತ್ತ ಬೆಚ್ಚನೆಯ ನೀರು ತುಂಬಿರೆಂದು ಕೈಪಿಡಿ ಹೇಳುತ್ತದೆ. ಇಲ್ಲಿ 40 ಡಿಗ್ರಿಯಲ್ಲಿ ಅದರ ಒತ್ತಡ 20 ಡಿಗ್ರಿಯಲ್ಲಿದ್ದುದರ ಇಮ್ಮಡಿಯತ್ತ ಹೋಗುತ್ತದೆ. ಬರ್ನರ್ ಬೊಬ್ಬೆ ಹಾಕುತ್ತದೆ, ಸುರಕ್ಷಾ ಕವಾಟ ಬಿಡುವಿಲ್ಲದೆ ಉಗಿ ಉಗುಳುತ್ತದೆ. ಆ ನೀರಿನ ತೊಟ್ಟಿಗೆ ನಾವು ತಣ್ಣೀರು ಸುರಿಯಬೇಕು. ಅಡುಗೆ ಸಿಲಿಂಡರಿನ ಅನಿಲವನ್ನು ಮಾತ್ರ ಎಂದಿಗೂ ತುಂಬಬಾರದು: ಅದರಲ್ಲಿ ಪ್ರೊಪೇನ್ ಬೆರೆತಿರುತ್ತದೆ, 40 ಡಿಗ್ರಿಯಲ್ಲಿ ಪ್ರೊಪೇನಿನ ಒತ್ತಡ ವಾಯುಮಂಡಲದ ಹದಿಮೂರು ಪಟ್ಟನ್ನೂ ಮೀರುತ್ತದೆ. ಪುಟ್ಟ ಡಬ್ಬಿ ಅದಕ್ಕಾಗಿ ಮಾಡಿದ್ದಲ್ಲ.

ಇನ್ನು ಹೊಗೆಗೊಳವೆಯಿಂದ ಏಳುವ ಬಿಳಿ ಮೋಡ. ಉಗಿ ತಣಿದು ಹನಿಯಾದರಷ್ಟೇ ಅದು ಕಾಣುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಎಂಜಿನ್ ಎಷ್ಟೇ ಚೆನ್ನಾಗಿ ಓಡಿದರೂ ಮೇಲೆ ಏನೂ ಇಲ್ಲ. ಮೋಡ ನೋಡಬೇಕೆಂದರೆ ಮಾರ್ಗಳಿಯ, ಅಂದರೆ ಧನುರ್ಮಾಸದ, ಮುಂಜಾವಿನಲ್ಲಿ, ಬೀದಿಯಲ್ಲಿ ಕೋಲಂ ರಂಗೋಲಿ ಹಾಕುವವರ ಜೊತೆಗೇ ಏಳಬೇಕು.

ಬಾಯ್ಲರಿಗೆ ಕೊಳವೆಬಾವಿಯ ನೀರು ಹಾಕಿದರೆ ಸುಣ್ಣದ ಪದರ ಕಟ್ಟುತ್ತದೆ. 2010ರಲ್ಲಿ ಉತ್ತರ ಚೆನ್ನೈಗೆ ಮಿಂಜೂರಿನ ಘಟಕದಲ್ಲಿ ಉಪ್ಪು ತೆಗೆದ ಕಡಲ ನೀರು ಬರತೊಡಗಿತು, ಆದರೂ ನಲ್ಲಿಯನ್ನು ನೆಚ್ಚಬಾರದು. ಮಳೆನೀರೇ ಸರಿ, ತಮಿಳುನಾಡಿನಲ್ಲಿ ಪ್ರತಿ ಕಟ್ಟಡಕ್ಕೂ ಮಳೆಕೊಯ್ಲು ಕಡ್ಡಾಯವಾಗಿರುವುದರಿಂದ ಹೆಚ್ಚಿನ ಮನೆಗಳಲ್ಲಿ ಕೊಳವೆ ಈಗಾಗಲೇ ಇದೆ. ಎರಡನೆಯ ಮಳೆಯ ನೀರನ್ನು ಸೋಸಿ ಕ್ಯಾನಿನಲ್ಲಿ ಹಿಡಿದಿಟ್ಟರೆ ವರ್ಷಕ್ಕಾಗುತ್ತದೆ. ಒಂದು ಓಟಕ್ಕೆ ಬೇಕಾಗುವುದು ಎರಡು ಲೋಟದೊಳಗೆ.

ಎಣ್ಣೆ ಕೊಡುವ ಪುಟ್ಟ ಡಬ್ಬಿಯಂತೂ ನೋಡಲೇಬೇಕಾದ ಚಮತ್ಕಾರ. ಅದರಲ್ಲಿ ಪಂಪಿಲ್ಲ, ಬತ್ತಿಯಿಲ್ಲ. ಉಗಿಯ ಕೊಳವೆ ಡಬ್ಬಿಯ ನೆತ್ತಿಯಲ್ಲಿ ಹಾಯುತ್ತದೆ, ಅಲ್ಲೊಂದು ಸೂಜಿಮೊನೆಯ ತೂತು. ತೂತಿನಿಂದ ನುಸುಳಿದ ಉಗಿ ತಣಿದು ನೀರಾಗಿ ತಳಕ್ಕಿಳಿಯುತ್ತದೆ. ಇಳಿದಷ್ಟು ನೀರು ಅಷ್ಟೇ ಎಣ್ಣೆಯನ್ನು ಮೇಲೆತ್ತಿ ತೂತಿನಿಂದ ಉಗಿಯೊಳಗೆ ಬಿಡುತ್ತದೆ. ಓಟ ಮುಗಿದ ಮೇಲೆ ತಳದ ತಿರುಪು ಬಿಚ್ಚಿದರೆ ಎಣ್ಣೆ ಹಾಕಿದ್ದಲ್ಲಿಂದ ಬರುವುದು ನೀರು. ಡಬ್ಬಿ ತನ್ನ ಕೆಲಸ ಮಾಡಿದೆಯೆಂಬುದಕ್ಕೆ ಅದೇ ಸಾಕ್ಷಿ.

ಅಳತೆಯನ್ನು ಕುಗ್ಗಿಸಿದರೂ ಭೌತಶಾಸ್ತ್ರ ಕುಗ್ಗುವುದಿಲ್ಲ. ಇಪ್ಪತ್ತೆರಡೂವರೆಗೆ ಒಂದರಂತೆ ಕಿರಿದಾದ ಬಾಯ್ಲರಿನ ಮೈ ಐನೂರರಲ್ಲಿ ಒಂದು ಪಾಲಾಗುತ್ತದೆ, ಒಳಗಿನ ನೀರೋ ಹನ್ನೊಂದು ಸಾವಿರದಲ್ಲಿ ಒಂದು ಪಾಲು. ಹಿಡಿ ನೀರಿಗೆ ಹರಡಿದ ಮೈ. ಶಾಖ ಸೋರುತ್ತಲೇ ಇರುತ್ತದೆ. ಇಲ್ಲಿ ಮಾತ್ರ ಚೆನ್ನೈನ ಸೆಕೆ ನಮ್ಮ ಪಕ್ಷ: ನೀರು ಬೇಗ ಕಾಯುತ್ತದೆ, ಸೋರಿಕೆಯೂ ತುಸು ಕಡಿಮೆ. ಒಳ್ಳೆಯ ತಯಾರಕರು ನೀರಿಗಿಂತ ಮೊದಲು ಅನಿಲ ಮುಗಿಯುವಂತೆ ಡಬ್ಬಿಯ ಅಳತೆ ಇಟ್ಟಿರುತ್ತಾರೆ, ಬಾಯ್ಲರ್ ಒಣಗಿ ಸುಡಬಾರದಲ್ಲ. ಹಾಗಾಗಿ ನಡುವೆ ಅನಿಲ ಮಾತ್ರ ತುಂಬಿ ಇನ್ನೊಂದು ಸುತ್ತು ಓಡಿಸುವ ಆಸೆ ಬೇಡ.

ಕಾನೂನಿನ ಮಾತೂ ಒಂದಿದೆ. ನಮ್ಮ ಬಾಯ್ಲರ್ ಕಾಯಿದೆ 25 ಲೀಟರಿಗಿಂತ ಕಡಿಮೆ ಹಿಡಿಸುವ ಪಾತ್ರೆಯನ್ನು ಬಾಯ್ಲರ್ ಎಂದೇ ಎಣಿಸುವುದಿಲ್ಲ. ಸುತ್ತಲಿನ ಕಾರ್ಖಾನೆಗಳ ಬಾಯ್ಲರುಗಳಿಗೆ ತಪಾಸಣೆ ತಪ್ಪಿದ್ದಲ್ಲ. ಹಿತ್ತಲಿನದಕ್ಕೆ ಯಾರೂ ಬರುವುದಿಲ್ಲ. ಬ್ರಿಟನ್ನಿನಲ್ಲಿ ಈ ಕೆಲಸವನ್ನು ಹವ್ಯಾಸಿಗಳ ಸಂಘಗಳೇ ಮಾಡುತ್ತವೆ: ಹೊಸ ಬಾಯ್ಲರಿಗೆ ಓಡುವ ಒತ್ತಡದ ಎರಡು ಪಟ್ಟು, ಮುಂದಿನ ಪರೀಕ್ಷೆಗಳಲ್ಲಿ ಒಂದೂವರೆ ಪಟ್ಟು ಒತ್ತಡದಲ್ಲಿ ತಣ್ಣೀರು ತುಂಬಿ ನೋಡುತ್ತಾರೆ. ನೀರು ಕುಗ್ಗುವುದಿಲ್ಲವಾದ್ದರಿಂದ ಬೆಸುಗೆ ಬಿಟ್ಟರೂ ಸಿಡಿಯದೆ ಜಿನುಗುತ್ತದೆ. ಗಾಳಿ ತುಂಬಿ ಪರೀಕ್ಷಿಸುವ ಸಾಹಸ ಬೇಡ. ಕೈಪಂಪು, ಒತ್ತಡ ಮಾಪಕ ಇದ್ದರೆ ಅಂಬತ್ತೂರಿನ ಯಾವ ಲೇತ್ ಅಂಗಡಿಯ ಮೇಜಿನ ಮೇಲೂ ಇದು ಅರ್ಧ ಗಂಟೆಯ ಕೆಲಸ.

ನೋಡಿ ಕಲಿಯಲು ದೂರ ಹೋಗಬೇಕಿಲ್ಲ. ಪೆರಂಬೂರು ಇಲ್ಲಿಂದ ತುಸು ದಕ್ಷಿಣಕ್ಕೆ. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹುಟ್ಟಿದ ಇಐಆರ್ 21 ಎಂಬ ಉಗಿ ಎಂಜಿನ್ನಿಗೆ 2010ರಲ್ಲಿ ಮತ್ತೆ ಜೀವ ಕೊಟ್ಟದ್ದು ಅಲ್ಲಿನ ಲೋಕೋ ವರ್ಕ್ಸ್. ಅಂಥ ಕೈಯುಳ್ಳವರು ಈ ಊರುಗಳಲ್ಲಿ ನಿವೃತ್ತರಾಗಿ ಕೂತಿರುತ್ತಾರೆ; ವಿಚಾರಿಸಿದರೆ ಬೇಡವೆನ್ನುವವರು ಕಡಿಮೆ.

ಕೊನೆಗೆ ಪಂಚಾಂಗ. ಮಳೆ ಇಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಹಿಂಗಾರಿನದು. ಗುಂಡಿ ತೋಡಲು ಫೆಬ್ರವರಿ, ಮಾರ್ಚ್ ಸರಿಯಾದ ಕಾಲ. ಕಾಂಕ್ರೀಟು ಬೇಸಗೆಯಲ್ಲಿ ಬೇಗ ಒಣಗಿ ಬಿರಿಯದಂತೆ ಗೋಣಿ ಸುತ್ತಿ ನೀರುಣಿಸಿ. ತೊಲೆಗಳನ್ನು ಕೂರಿಸಿ, ಹಳಿ ಮಾತ್ರ ಹಾಕದೆ ಒಂದು ಮಳೆಗಾಲ ಬಿಟ್ಟುಬಿಡಿ. ಯಾವ ಕಂಬ ಎಷ್ಟು ಎದ್ದಿತು, ಎಷ್ಟು ಕುಸಿಯಿತು ಎಂಬುದು ಆಗ ತಿಳಿಯುತ್ತದೆ. ಪೊಂಗಲ್ ಕಳೆದ ಮೇಲೆ ಮತ್ತೆ ಟ್ಯೂಬು ಹಿಡಿದು ಹಳೆಯ ಗೀಟುಗಳೊಂದಿಗೆ ಹೋಲಿಸಿ, ನಟ್ಟುಗಳನ್ನು ತಿರುಗಿಸಿ ಮಟ್ಟಕ್ಕೆ ತನ್ನಿ. ಹಳಿ ತರಲು ಪ್ಯಾರಿಸ್ ಕಾರ್ನರಿಗೆ ಹೋಗುವುದು ಅದಾದ ಮೇಲೆ.